ಹೇರ್ ಟ್ರಾನ್ಸ್‌ಪ್ಲಾಂಟ್‌ಗೆ ಹೊರಟವರು ಮನೆಯಿಂದಲೇ ತಲೆ ಬೋಳಿಸಿಕೊಂಡು ಹೋಗಬೇಡಿ

ಕಾರವಾರದ ಯುವಕನೊಬ್ಬನಿಗೆ ಆದದ್ದು ಇದು. ‘ಬೋಳಿಸಿಕೊಂಡೇ ಬನ್ನಿ, ಇಲ್ಲಿ ಟೈಮ್ ಉಳಿಯುತ್ತೆ’ ಎಂದು ಕ್ಲಿನಿಕ್‌ನಿಂದ ಫೋನ್ ಬಂತು. ಹಿಂದಿನ ಸಂಜೆ ಸಲೂನಿನಲ್ಲಿ ಬ್ಲೇಡ್ ಹಾಕಿಸಿ, ರಾತ್ರಿ ಬಸ್ಸಿನಲ್ಲಿ ಅರಬೈಲು ಘಟ್ಟ ಹತ್ತಿದ. ಬೆಳಗಾಗುವಷ್ಟರಲ್ಲಿ ಬೆವರಿಗೆ ಹಿಂದಲೆ ತುಂಬ ಕೆಂಪು ಗುಳ್ಳೆ, ಕಿವಿ ಹಿಂದೆ ಎರಡು ಕಡೆ ಕೊಯ್ದ ಗಾಯ. ಅವತ್ತೇ ಮುಂದೂಡಬೇಕಿತ್ತು, ಮುಂದೂಡಲಿಲ್ಲ. ಮುಂದೆ ನೆಡಲೆಂದು ಹಿಂದಲೆಯಿಂದ ಕಿತ್ತ ಗ್ರಾಫ್ಟ್‌ಗಳಲ್ಲಿ (ಬೇರು ಸಮೇತ ತೆಗೆಯುವ ಕೂದಲು) ಎಷ್ಟೋ ಬುಡದಲ್ಲೇ ತುಂಡಾದವು. ವರ್ಷವಾದರೂ ಮುಂದೆ ಕೂದಲು ವಿರಳ, ಹಿಂದೆ ಬಿಳಿ ಚುಕ್ಕೆಗಳು. ಹಿಂದಲೆಯಲ್ಲಿ ಇರುವಷ್ಟೇ ಬಂಡವಾಳ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಎಫ್‌ಯುಇ, ಅಂದರೆ ಗ್ರಾಫ್ಟ್‌ಗಳನ್ನು ಒಂದೊಂದಾಗಿ ಕೀಳುವ ವಿಧಾನಕ್ಕೆ ಹಿಂದಲೆಯ ಕೂದಲು ಗಿಡ್ಡವಾಗಬೇಕು ನಿಜ. ಆದರೆ ನುಣ್ಣಗಲ್ಲ, ಸುಮಾರು 1 ಮಿ.ಮೀ. ಮೋಟು ಉಳಿಯಬೇಕು. ಗ್ರಾಫ್ಟ್ ಕೊರೆದು ತೆಗೆಯುವ ಸಣ್ಣ ಕೊಳವೆಯಂಥ ಪಂಚ್‌ನ ಬಾಯಿ ಸುಮಾರು 1 ಮಿ.ಮೀ. ಅಗಲ. ಕೂದಲು ಚರ್ಮದಿಂದ ನೆಟ್ಟಗೆ ಏಳುವುದಿಲ್ಲ, ಓರೆಯಾಗಿ ಬರುತ್ತದೆ. ಕುತ್ತಿಗೆ ಕಡೆ ಬಂದಂತೆ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. ಆ ಓರೆ ತೋರಿಸುವುದು ಮೋಟು ಮಾತ್ರ. ಓರೆ ತಪ್ಪಿದರೆ ಪಂಚ್ ಬೇರನ್ನೇ ಕತ್ತರಿಸುತ್ತದೆ. ಒಂದು ರಂಧ್ರದಲ್ಲಿ ಒಂದೇ ಕೂದಲಿದೆಯೋ, ಎರಡು ಮೂರು ಇವೆಯೋ ಎಂದು ಗುರುತಿಸುವುದೂ ಮೋಟಿನಿಂದಲೇ. ಗದ್ದೆಯಲ್ಲಿ ಅಗೆ ಕೀಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತುದಿ ಕಾಣದಿದ್ದರೆ ಬೇರು ಸಮೇತ ಬರುವುದಿಲ್ಲ. ಹಾಗಂತ ಉದ್ದ ಕೂದಲು ಬಿಟ್ಟರೆ ತಿರುಗುವ ಪಂಚ್‌ಗೆ ಸುತ್ತಿಕೊಳ್ಳುತ್ತದೆ.

ಆದ್ದರಿಂದ ಕೂದಲು ಬಿಟ್ಟುಕೊಂಡೇ ಹೋಗಿ. ವೈದ್ಯರು ಮೊದಲು ಸಹಜ ಉದ್ದದಲ್ಲಿ ನೋಡಬೇಕು: ಹಣೆಯ ಗೆರೆ ಎಲ್ಲಿ ಬರಬೇಕು, ಇರುವ ಕೂದಲು ಯಾವ ಕಡೆ ವಾಲಿದೆ, ಹಿಂದಲೆಯಲ್ಲೂ ಕೂದಲು ಸಣಕಲಾಗುತ್ತಿದೆಯೇ. ಗೆರೆ ಎಳೆದು, ಫೋಟೋ ತೆಗೆದ ಮೇಲೆ ಅಲ್ಲೇ ಟ್ರಿಮ್ಮರ್‌ನಲ್ಲಿ ಗಿಡ್ಡ ಮಾಡುತ್ತಾರೆ. ಐದು ಹತ್ತು ನಿಮಿಷದ ಕೆಲಸ. ಅದಕ್ಕೂ ಟೈಮ್ ಇಲ್ಲ ಎನ್ನುವ ಜಾಗದಲ್ಲಿ ಸಾವಿರಾರು ಗ್ರಾಫ್ಟ್‌ಗಳನ್ನು ತಾಳ್ಮೆಯಿಂದ ಕಿತ್ತಾರೆಂದು ನಂಬುವುದು ಹೇಗೆ?

ಎಫ್‌ಯುಟಿ, ಅಂದರೆ ಚರ್ಮದ ಪಟ್ಟಿ ತೆಗೆಯುವ ವಿಧಾನವಾದರೆ ಲೆಕ್ಕವೇ ಬೇರೆ. ಪಟ್ಟಿಯ ಜಾಗ ಮಾತ್ರ ಕತ್ತರಿಸುತ್ತಾರೆ. ಅದಕ್ಕಿಂತ ಮೇಲ್ಭಾಗದ ಕೂದಲು ನಾಲ್ಕೈದು ಸೆಂ.ಮೀ. ಇದ್ದರೆ ಹೊಲಿಗೆ ಪೂರ್ತಿ ಮುಚ್ಚಿಹೋಗುತ್ತದೆ. ಬೋಳಿಸಿಕೊಂಡು ಹೋದವರ ಹೊಲಿಗೆ ವಾರಗಟ್ಟಲೆ ಎಲ್ಲರಿಗೂ ಕಾಣುತ್ತದೆ.

ಬಿಳಿ ಕೂದಲಿದ್ದರೆ ಎರಡು ಮೂರು ದಿನ ಮೊದಲು ಬಣ್ಣ ಹಚ್ಚಬೇಕೇ ಎಂದು ಕೇಳಿಕೊಳ್ಳಿ. ಬಿಳಿ ಮೋಟು ಲೆನ್ಸ್‌ನಲ್ಲೂ ಸರಿಯಾಗಿ ಕಾಣುವುದಿಲ್ಲ.

ತಿರುಪತಿಗೋ ಧರ್ಮಸ್ಥಳಕ್ಕೋ ಮುಡಿಯ ಹರಕೆ ಇದ್ದರೆ ಒಂದೆರಡು ತಿಂಗಳ ಮುಂಚೆಯೇ ತೀರಿಸಿಬಿಡಿ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂ.ಮೀ. ಈಗಾಗಲೇ ಬ್ಲೇಡ್ ಹಾಕಿಸಿದ್ದರೆ 1 ಮಿ.ಮೀ. ಮೋಟು ಬರಲು ಮೂರು ನಾಲ್ಕು ದಿನ ಸಾಕು. ಆದರೆ ಗುಳ್ಳೆ, ಗಾಯ ಇದ್ದರೆ ಅವು ಪೂರ್ತಿ ಮಾಯುವ ತನಕ ಕಾಯಲೇಬೇಕು, ಕರಾವಳಿಯ ಸೆಕೆಯಲ್ಲಿ ಇನ್ನೂ ತಡವಾಗಬಹುದು.

ಮುಂಗಡ ಕೊಡುವ ಮೊದಲು ಇನ್ನೊಂದು ಕೇಳಿ: ಪಂಚ್ ಹಿಡಿಯುವವರು ಯಾರು? ಶಸ್ತ್ರಚಿಕಿತ್ಸೆಯ ತರಬೇತಿ ಪಡೆದ ವೈದ್ಯರೇ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಹೆಸರು, ನೋಂದಣಿ ಸಂಖ್ಯೆ ಬರೆಸಿಕೊಳ್ಳಿ. ಹೇಳಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.