ಹೆಸರು ಹೇಳಿದ್ದು ನಾನು, ದುಡ್ಡು ತಗೊಂಡಿದ್ದು ಅವರು

ನಮ್ಮ ಹುಬ್ಬಳ್ಳಿ ಕಡೆ ಮಗುವಿಗೆ ಹೆಸರಿಡುವುದು ಸೋದರತ್ತೆ. ತೊಟ್ಟಿಲ ಕಾರ್ಯದ ದಿನ ಮಗುವಿನ ಕಿವಿಯಲ್ಲಿ ‘ಕುರ್‌ರ್’ ಅಂದು ಹೆಸರು ಹೇಳಬೇಕು. ಅಷ್ಟರಲ್ಲಿ ಸುತ್ತ ನಿಂತ ಹೆಂಗಸರು ಬೆನ್ನಿಗೆ ದಬದಬ ಗುದ್ದುತ್ತಾರೆ. ಗುದ್ದು ತಿನ್ನುವವಳು ನಾನು. ಆದರೆ ತಮ್ಮ ನನ್ನನ್ನು ಕೇಳುವ ಮುಂಚೆಯೇ ಒಂದು ಆನ್‌ಲೈನ್ ಹೆಸರು ಸಲಹಾ ಸೇವೆಗೆ 1,499 ರೂಪಾಯಿ ಕಟ್ಟಿಬಿಟ್ಟಿದ್ದ. ಈ ವಿಮರ್ಶೆ ಅದರದ್ದು. ಅವರ ಹೆಸರು ಹಾಕುವುದಿಲ್ಲ, ಇಂಥವು ಫೋನಿನ ತುಂಬ ಇವೆ.

ಮನೆಯಲ್ಲಿ ಎರಡು ಹೆಸರು ಉಳಿದಿದ್ದವು. ತಮ್ಮನ ಹೆಂಡತಿಗೆ ‘ವಿಹಾನ್’ ಬೇಕು. ಅಪ್ಪನಿಗೆ ‘ಆರೂಢ’. ಅಪ್ಪ ಸೋಮವಾರ ಸಿದ್ಧಾರೂಢ ಮಠಕ್ಕೆ ಹೋಗಿ ಬರದೆ ಊಟಕ್ಕೆ ಕೂರುವವರಲ್ಲ. ನಮ್ಮ ರೈಲು ನಿಲ್ದಾಣಕ್ಕೂ 2020ರಿಂದ ಸಿದ್ಧಾರೂಢ ಅಜ್ಜನ ಹೆಸರೇ ಇದೆ. ಅಲ್ಲಿನ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದ. “ಅಷ್ಟ್ ಉದ್ದದ್ದಕ್ಕ ಒಪ್ಪಿದ ಹೆಸರ ಒಂದ್ ಮೊಳದ ಕೂಸಿಗೆ ಒಪ್ಪಂಗಿಲ್ಲೇನ?” ಅಂತ ಅಪ್ಪನ ವಾದ.

ಹುಟ್ಟಿದ ದಿನ, ಗಳಿಗೆ, ಊರು ವಾಟ್ಸಾಪಿನಲ್ಲಿ ಕಳಿಸಿದೆವು. ಜೊತೆಗೆ ಈ ಎರಡು ಹೆಸರು. ಇವೆರಡರಲ್ಲಿ ಯಾವುದು ಅಂತಷ್ಟೇ ನಮ್ಮ ಪ್ರಶ್ನೆ. 48 ಗಂಟೆ ಅಂದಿದ್ದರು, ಬಂದಿದ್ದು ನಾಲ್ಕನೇ ದಿನ. 14 ಪುಟದ ಪಿಡಿಎಫ್. ಮೊದಲ ಮೂರು ಪುಟ ಬರೀ ಗಣಪತಿ, ತಾವರೆ, ಬಂಗಾರದ ಅಂಚು.

ನಮ್ಮ ಕೂಸಿನದು ಹಸ್ತ ನಕ್ಷತ್ರ, ಮೂರನೇ ಪಾದ. ಪಂಚಾಂಗದಲ್ಲಿ ಹೆಸರಿನ ಮೊದಲ ಅಕ್ಷರ ಪಾದಕ್ಕೊಂದು, ಹಸ್ತಕ್ಕೆ ಪು, ಷ, ಣ, ಠ. ಅಂದರೆ ನಮಗೆ ಬಿದ್ದಿದ್ದು ‘ಣ’. ‘ಣ’ದಿಂದ ಶುರುವಾಗುವ ಹೆಸರು ನೀವು ಒಂದಾದರೂ ಕೇಳಿದ್ದೀರಾ? ಅಂಗನವಾಡಿಯ ಅಕ್ಷರಮಾಲೆ ಚಾರ್ಟಿನಲ್ಲೇ ‘ಣ’ದ ಎದುರು ಬಾಣದ ಚಿತ್ರ ಹಾಕಿ ಮುಗಿಸುತ್ತಾರೆ. ಇವರು ಒಂದು ಮಾತೂ ಹೇಳದೆ ‘ಣ’ ತೆಗೆದು ‘ನ’ ಮಾಡಿ ನಕ್ಷ್, ನಿವಾನ್, ನಿಹಾಲ್ ಅಂತ ಏಳೆಂಟು ಪುಟ ತುಂಬಿಸಿದ್ದರು. ನಾವು ಕೇಳಿದ ಎರಡು ಹೆಸರಿಗೆ ಸಿಕ್ಕಿದ್ದು ಕೊನೆಯ ಅರ್ಧ ಪುಟ.

ಅರ್ಥದ ಕಥೆ ಇನ್ನೂ ಚೆಂದ. ವಿಹಾನ್ ಅಂದರೆ ಸೂರ್ಯನ ಮೊದಲ ಕಿರಣವಂತೆ. ಆರೂಢ ಅಂದರೂ ಸೂರ್ಯನ ಮೊದಲ ಕಿರಣವಂತೆ! ಸುಮ್ನೆ ಕೂತು ಎಣಿಸಿದೆ. ಒಂಬತ್ತು ಹೆಸರಿಗೆ ಅದೇ ಕಿರಣ. ಆರೂಢ ಅಂದರೆ ಏರಿದವನು ಮಾರಾಯ್ರೇ, ಅಶ್ವಾರೂಢ ಅಂತೀವಲ್ಲ, ಅದೇ.

ಆಮೇಲೆ ಸಂಖ್ಯಾಶಾಸ್ತ್ರ. ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಅಂಕಿ: ಎ 1, ಆರ್ 2, ಓ 7, ಡಿ 4, ಎಚ್ 5. ಆರೂಢ ಹೆಸರನ್ನು ಅವರು ಎ, ಆರ್, ಎರಡು ಓ, ಡಿ, ಎಚ್ ಅಂತ ಬರೆದು ಕೂಡಿಸಿದ್ದರು. ಒಟ್ಟು 26. ಎರಡು, ಆರು ಸೇರಿದರೆ 8. ಎಂಟು ಶನಿಯದು, ಬೇಡ, ಒಂದು ‘ಎ’ ಸೇರಿಸಿ ಸರಿಮಾಡಿ ಕೊಡುತ್ತೇವೆ, ತಿದ್ದುಪಡಿಗೆ 500 ರೂಪಾಯಿ ಅಂದರು. ಅಲ್ಲ, ಕನ್ನಡದಲ್ಲಿ ಆ ಹೆಸರು ಮುಗಿಯುವುದೇ ‘ಢ’ದಲ್ಲಿ, ‘ಢ್’ನಲ್ಲಿ ಅಲ್ಲ. ಕೊನೆಗೊಂದು ‘ಎ’ ನಾವು ಮೊದಲಿನಿಂದಲೂ ಬರೆದೇ ಕಳಿಸಿದ್ದೆವು. ಆ ‘ಎ’ಯನ್ನು ಕಿತ್ತು ಹಾಕಿದ್ದು ಅವರೇ. ಈಗ ಅದನ್ನೇ 500ಕ್ಕೆ ವಾಪಸ್ ಮಾರುತ್ತಾರೆ. ಸೇರಿಸಿದರೆ 27, ಅಂದರೆ 9. ಒಳ್ಳೇದಂತೆ.

ಇನ್ನೊಂದು, ಅವಸರ ಪಡಿಸುವುದು. 21 ದಿನದೊಳಗೆ ಹೆಸರು ಕೊಡದಿದ್ದರೆ ಜನನ ಪತ್ರ ಸಿಗುವುದಿಲ್ಲ ಅಂತ ಎರಡು ಸಲ ಮೆಸೇಜು. 21 ದಿನ ಇರುವುದು ಜನನ ನೋಂದಣಿಗೆ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವೂ ಇಲ್ಲ. ಬಾಣಂತಿ ಮನೆಯಲ್ಲಿ ಇಂಥ ಗಾಬರಿ ಹುಟ್ಟಿಸಿದ್ದಕ್ಕೇ ನನಗೆ ಜಾಸ್ತಿ ಸಿಟ್ಟು.

ಒಂದು ಒಳ್ಳೇದನ್ನೂ ಹೇಳಬೇಕು. ಕೊನೆಗೆ ಹದಿನೈದು ನಿಮಿಷದ ಕರೆ ಇತ್ತು. ಮಾತಾಡಿದ ಹುಡುಗಿ ಒಂದು ಸರಿಯಾದ ಪ್ರಶ್ನೆ ಕೇಳಿದಳು: “ಮನೇಲಿ ಏನಂತ ಕೂಗ್ತೀರಿ?” ಅಲ್ಲಿವರೆಗೆ ನಾವು ಕೂಗಿಯೇ ನೋಡಿರಲಿಲ್ಲ. ಫೋನಿಟ್ಟ ಮೇಲೆ ಶುರುವಾಯಿತು. ನಮ್ಮವ್ವನಿಗೆ ವಿಹಾನ್ ಅಂದಿದ್ದು ವಿಮಾನ ಅಂತ ಕೇಳಿಸಿತು. “ಕೂಸಿಗೆ ಯಾರರ ವಿಮಾನ ಅಂತ ಇಡ್ತಾರೇನ?” ಅಂದಳು. ಬಾಣಂತಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಹೊಲಿಗೆ ನೋವು ಅಂತ ಬೈದಳು ಕೂಡ. ಆರೂಢ ಹೆಸರಿನ ಕಷ್ಟವೂ ಹೊರಗೆ ಬಂತು. ‘ಆರೂ’ ಅಂತ ಕೂಗಿದರೆ ಲೆಕ್ಕ ಎಣಿಸಿದ ಹಾಗೆ. ಬೆಂಗಳೂರಿನಲ್ಲಿ ತಮ್ಮನ ಆಫೀಸಿನವರಿಗೆ ‘ಢ’ ಹೊರಳುವುದೇ ಇಲ್ಲ, ‘ಅರುದ್’ ಅಂತಾರೆ. ಆದರೆ ನಾನು ಮಹಡಿಯ ಮೇಲಿಂದ ಎರಡನ್ನೂ ಕೂಗಿದೆ. ವಿಹಾನ್ ಅಂದರೆ ‘ನ್’ ಹತ್ತಿರ ಬಾಯಿ ಮುಚ್ಚಿಕೊಳ್ಳುತ್ತದೆ. ‘ಆರೂಢಾ...’ ಅಂತ ಓಣಿಯ ಕೊನೆವರೆಗೂ ಎಳೆಯಬಹುದು. ಸಂಜೆ ಆಡಲು ಹೋದ ಹುಡುಗನನ್ನು ಕರೆಯಲು ಅದೇ ಬೇಕು, ಅಲ್ವಾ?

ರಾತ್ರಿ ತಮ್ಮನ ಹೆಂಡತಿಯೇ ಹೇಳಿದಳು, “ಅಕ್ಕಾ, ಆರೂಢ ಅಂತಲೇ ಹೇಳ್ಬಿಡ್ರಿ. ನಮ್ಮ ಅಪಾರ್ಟ್‌ಮೆಂಟಲ್ಲಿ ಈಗಾಗ್ಲೇ ಇಬ್ರು ವಿಹಾನ್ ಅದಾರ.” ಹಂಗಾದರೆ 1,499 ಯಾಕೆ ಕೊಟ್ಟೆ ಅಂತ ತಮ್ಮನನ್ನು ನೋಡಿದೆ. ಅವನು ಫೋನು ನೋಡಿದ.

ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ. ಎರಡೂ ಆ ಹುಡುಗಿಯ ಪ್ರಶ್ನೆಗೆ. ದುಡ್ಡು ವಾಪಸ್ ಕೇಳಿದೆವು. ವರದಿ ಕಳಿಸಿದ ಮೇಲೆ ಕೊಡುವುದಿಲ್ಲವಂತೆ. ಬದಲಿಗೆ ಎರಡನೇ ಮಗುವಿಗೆ ಶೇ. 20 ರಿಯಾಯಿತಿ ಕೂಪನ್ ಕಳಿಸಿದ್ದಾರೆ. ತಮ್ಮ ಅದನ್ನು ಹೆಂಡತಿಗೆ ಇನ್ನೂ ತೋರಿಸಿಲ್ಲ.