ಕಪಾಟಿನ ಥಂಡಿಗೆ ತೇವ ಹೀರುವ ಡಬ್ಬಿ: ಮೂರು ಮಳೆಗಾಲ ಬಳಸಿದ ಮೇಲೆ

ನಮ್ಮದು ಮಂಗಳೂರಿನಲ್ಲಿ ಎರಡನೇ ಮಹಡಿಯ ಫ್ಲ್ಯಾಟ್. ಮಲಗುವ ಕೋಣೆಯಲ್ಲಿ ಗೋಡೆಗೆ ಹೊಂದಿಸಿ ಮಾಡಿಸಿದ ಪ್ಲೈವುಡ್ ಕಪಾಟು ಇದೆ. ಐದಡಿ ಅಗಲ, ಏಳಡಿ ಎತ್ತರ, ಎರಡಡಿ ಆಳ. ಜೂನ್‌ನಲ್ಲಿ ಮಳೆ ಹಿಡಿದರೆ ಜುಲೈ ಮಧ್ಯದ ಹೊತ್ತಿಗೆ ಅದರ ಬಾಗಿಲು ತೆಗೆಯುವುದೇ ಬೇಡ ಅನಿಸುತ್ತಿತ್ತು. ಅಂಥ ಮುಗ್ಗಲು ವಾಸನೆ. ಯಜಮಾನರ ಕಪ್ಪು ಬೆಲ್ಟಿಗೆ ಬೂದಿ ಬಣ್ಣ ಬಂದಿತ್ತು, ಬೆರಳಾಡಿಸಿದರೆ ಬೂಷ್ಟು. ಅದನ್ನೆಲ್ಲ ಸಹಿಸಿಕೊಂಡಿದ್ದೆ. ನನ್ನ ಧಾರೆ ಸೀರೆಯ ಮಡಿಕೆಯಲ್ಲಿ ಚುಕ್ಕೆ ಕಂಡ ದಿನ ಮಾತ್ರ ಆನ್‌ಲೈನ್‌ನಲ್ಲಿ ಆರು ಡಬ್ಬಿ ತರಿಸಿದೆ. ಅದು 2023ರ ಜುಲೈ.

ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿಯೂ ಉಪಯೋಗವಿಲ್ಲ, ನಾನು ತರಿಸಿದ ನಾಲ್ಕು ಕಂಪನಿಗಳ ಡಬ್ಬಿಗಳಲ್ಲೂ ಇದ್ದದ್ದು ಒಂದೇ ವಸ್ತು, ಕ್ಯಾಲ್ಸಿಯಂ ಕ್ಲೋರೈಡ್. ಬಿಳಿ ಹರಳಿನಂಥ ಉಪ್ಪು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುತ್ತದಲ್ಲ, ಅದೇ ಕೆಲಸ. ವ್ಯತ್ಯಾಸ ಇಷ್ಟೇ: ಅಡುಗೆ ಉಪ್ಪು ಕರಗಬೇಕಾದರೆ ಗಾಳಿಯ ತೇವ 75 ಪರ್ಸೆಂಟ್ ದಾಟಬೇಕು. ಈ ಉಪ್ಪು 30ರ ಆಸುಪಾಸಿನಲ್ಲೇ ಶುರು ಮಾಡುತ್ತದೆ. ಹರಳು ಮೇಲಿನ ಬುಟ್ಟಿಯಲ್ಲಿ, ಕರಗಿದ ನೀರು ಕೆಳಗಿನ ಡಬ್ಬಿಯಲ್ಲಿ. ಮೇಲೆ ಬಿಳಿ ಕಾಗದದಂಥ ಪೊರೆ. ಅದನ್ನು ಕೀಳಬಾರದು. ಆವಿ ಒಳಹೋಗುವುದೇ ಅದರ ಮೂಲಕ. ಮೊದಲ ಡಬ್ಬಿಯದ್ದನ್ನು ಕಿತ್ತವಳು ನಾನೇ!

ಮೊದಲ ವಾರ ಖುಷಿಯೋ ಖುಷಿ. ದಿನಾ ಬೆಳಿಗ್ಗೆ ಬಾಗಿಲು ತೆಗೆದು ನೀರು ಎಷ್ಟು ಏರಿತು ಎಂದು ನೋಡುವುದು. ಹದಿನೇಳು ದಿನಕ್ಕೆ ಡಬ್ಬಿ ತುಂಬಿತು, ಅರ್ಧ ಲೀಟರಿಗೂ ಜಾಸ್ತಿ. ಅತ್ತೆ ಬಂದು ನೋಡಿದರು. "ಎಂತ ಮಾರಾಯ್ತಿ, ಮಂಗಳೂರಲ್ಲಿ ನೀರು ಹಿಡಿಯಲಿಕ್ಕೂ ದುಡ್ಡು ಕೊಡುವುದಾ?" ಅಂದರು. ನಾನು ಮಾತ್ರ ಐದು ಸ್ಟಾರ್ ಕೊಟ್ಟೇಬಿಟ್ಟೆ.

ಅಷ್ಟಾದರೂ ವಾಸನೆ ಪೂರ್ತಿ ಹೋಗಲಿಲ್ಲ. ಗಾಳಿಯ ತೇವ ಎಷ್ಟು ಪರ್ಸೆಂಟ್ ಎಂದು ತೋರಿಸುವ ಹೈಗ್ರೋಮೀಟರ್ ಒಂದನ್ನು ಮುನ್ನೂರು ರೂಪಾಯಿಗೆ ತಂದು ಒಳಗಿಟ್ಟೆ. ಕೋಣೆಯಲ್ಲಿ 86, ಕಪಾಟಿನೊಳಗೆ 81. ಎರಡು ಡಬ್ಬಿ ಇಟ್ಟರೂ ಅಷ್ಟೇ. ಬೂಷ್ಟು ಬರಬಾರದು ಅಂದರೆ 60ರ ಹತ್ತಿರ ಇರಬೇಕು, 70 ದಾಟಿ ದಿನಗಟ್ಟಲೆ ನಿಂತರೆ ಬಂದೇ ಬರುತ್ತದೆ. ಹಾಗಾದರೆ ಆ ಅರ್ಧ ಲೀಟರ್ ನೀರು ಬಂದದ್ದೆಲ್ಲಿಂದ?

ಲೆಕ್ಕ ಹಾಕಿದ್ದು ಮಗ. ಆಗ ಪಿಯುಸಿಯಲ್ಲಿದ್ದ. ನಮ್ಮ ಕಪಾಟಿನಲ್ಲಿ ಹಿಡಿಸುವುದು ಸುಮಾರು ಎರಡು ಸಾವಿರ ಲೀಟರ್ ಗಾಳಿ. ಮಳೆಗಾಲದ 28 ಡಿಗ್ರಿ ಸೆಕೆಯಲ್ಲಿ ಅಷ್ಟು ಗಾಳಿಯಲ್ಲಿರುವ ನೀರು ಐವತ್ತು ಗ್ರಾಂ ಕೂಡ ಇಲ್ಲವಂತೆ. ಉಳಿದದ್ದರಲ್ಲಿ ಸ್ವಲ್ಪ ಬಟ್ಟೆಗಳದ್ದು. ಹತ್ತಿ ಬಟ್ಟೆ ಒಣಗಿದೆ ಎಂದು ನಾವು ಮಡಚಿಟ್ಟರೂ ಅದರ ತೂಕದ ಎಂಟೊಂಬತ್ತು ಪರ್ಸೆಂಟ್ ನೀರೇ ಇರುತ್ತದೆ, ರೇಷ್ಮೆಯಲ್ಲಿ ಇನ್ನೂ ಜಾಸ್ತಿ. ಮಿಕ್ಕಿದ್ದೆಲ್ಲ ಬಾಗಿಲಿನ ಸಂದಿಯಿಂದ. "ಅಮ್ಮ, ನಿನ್ನ ಡಬ್ಬಿ ಕಪಾಟು ಒಣಗಿಸ್ತಾ ಇಲ್ಲ, ಇಡೀ ಕೋಣೆಯ ನೀರು ಕುಡೀತಾ ಇದೆ" ಅಂದ. ನೋಡಿದರೆ ನಿಜ. ಬಾಗಿಲಿನ ಕೆಳಗೆ ಪೆನ್ಸಿಲ್ ತೂರುವಷ್ಟು ಸಂದಿ ಇತ್ತು. ಹಾರ್ಡ್‌ವೇರ್ ಅಂಗಡಿಯಿಂದ ಅಂಟಿಸುವ ಫೋಮ್ ಪಟ್ಟಿ ತಂದು ಸುತ್ತಲೂ ಹಚ್ಚಿದೆವು. ಖರ್ಚು 180 ರೂಪಾಯಿ. ಆಮೇಲೆ ಇಟ್ಟ ಡಬ್ಬಿ ತುಂಬಲು ನಲವತ್ತು ದಿನ ಬೇಕಾಯಿತು, ಮೀಟರ್ 68ಕ್ಕೆ ಇಳಿಯಿತು. ಅಂದರೆ ಡಬ್ಬಿ ನಿಧಾನಕ್ಕೆ ತುಂಬಿದರೆ ಒಳ್ಳೆಯದು. "ಎರಡೇ ವಾರದಲ್ಲಿ ತುಂಬಿತು, ಸೂಪರ್" ಎಂದು ಬರೆದವರ ವಿಮರ್ಶೆ ಓದಿದರೆ ನನಗೀಗ ಅವರ ಕಪಾಟಿನ ಬಾಗಿಲು ನೆನಪಾಗುತ್ತದೆ.

ಎರಡನೇ ಮಳೆಗಾಲಕ್ಕೆ ಹ್ಯಾಂಗರಿಗೆ ಸಿಕ್ಕಿಸುವ ಚೀಲದ ಮಾದರಿ ತರಿಸಿದೆ. ಜಾಗ ಉಳಿಯುತ್ತದೆ, ಬಟ್ಟೆಗಳ ಮಧ್ಯೆಯೇ ತೂಗಾಡುತ್ತದೆ. ಅದೇ ತಪ್ಪಾಯಿತು. ಪಕ್ಕದ ಹ್ಯಾಂಗರಿನ ಕೊಕ್ಕೆ ತಾಗಿ ಚೀಲ ಹರಿಯಿತು. ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಈ ನೀರು ಬರೀ ನೀರಲ್ಲ, ದಪ್ಪ ಉಪ್ಪುನೀರು. ಎಣ್ಣೆಯ ಹಾಗೆ ಜಾರುತ್ತದೆ, ಒಣಗುವುದೇ ಇಲ್ಲ, ಯಾಕೆಂದರೆ ಬಿದ್ದಲ್ಲೇ ಕೂತು ಮತ್ತೆ ಗಾಳಿಯ ತೇವ ಎಳೆಯುತ್ತದೆ. ಹತ್ತಿ ಕುರ್ತಾಗಳು ನಾಲ್ಕು ಸಲ ತೊಳೆದ ಮೇಲೆ ಸರಿಯಾದವು. ಚರ್ಮದ ಬ್ಯಾಗ್ ಸೆಟೆದು ಕಡ್ಡಿಯಾಯಿತು. ಒಂದು ರೇಷ್ಮೆ ಸೀರೆಯ ಅಂಚಿನಲ್ಲಿ ಈಗಲೂ ನಕಾಶೆಯಂತೆ ಕಲೆ ಇದೆ. ಕಸ್ಟಮರ್ ಕೇರ್‌ಗೆ ಫೋಟೋ ಕಳಿಸಿದರೆ ಬಳಸುವವರ ತಪ್ಪು ಎಂದು ಉತ್ತರ ಬಂತು. ಅಂದಿನಿಂದ ಚೀಲ ಬಂದ್. ಡಬ್ಬಿಯೇ, ಅದೂ ಎಲ್ಲಕ್ಕಿಂತ ಕೆಳಗಿನ ಅಂಕಣದಲ್ಲಿ, ಹಳೆ ಸ್ಟೀಲ್ ತಟ್ಟೆಯ ಮೇಲಲ್ಲ, ಪ್ಲಾಸ್ಟಿಕ್ ಟ್ರೇ ಮೇಲೆ. ಕಬ್ಬಿಣ ಸ್ಟೀಲ್ ಯಾವುದಕ್ಕೂ ಈ ಉಪ್ಪುನೀರು ಆಗಿಬರುವುದಿಲ್ಲ. ತುಂಬಿದ್ದನ್ನು ಕಮೋಡಿಗೆ ಸುರಿದು ಚೆನ್ನಾಗಿ ನೀರು ಬಿಡುತ್ತೇನೆ. ಗಿಡಕ್ಕೆ ಹಾಕಬೇಡಿ, ಸಾಯುತ್ತದೆ.

ಇಷ್ಟರ ಮೇಲೂ ಒಂದು ವಿಷಯ ತಲೆ ತಿನ್ನುತ್ತಿತ್ತು. ಕಪಾಟಿನ ಹಿಂದಿನ ಹಲಗೆ, ಎಡಗಡೆ ಕೆಳಮೂಲೆ, ಯಾವಾಗ ಅಂಗೈ ಇಟ್ಟರೂ ತಣ್ಣಗೆ, ಒದ್ದೆ. ಅದಕ್ಕೊರಗಿದ ಬೆಡ್‌ಶೀಟುಗಳ ಬೆನ್ನೂ ಒದ್ದೆ. ವಾಟರ್‌ಪ್ರೂಫಿಂಗ್‌ನವರೊಬ್ಬರನ್ನು ಕರೆಸಿದೆವು. ಹೊರಗೋಡೆಗೆ ಕೋಟಿಂಗ್ ಮಾಡಬೇಕು, ಹದಿನೆಂಟು ಸಾವಿರ ಅಂದರು. ಆದರೆ ಆ ಗೋಡೆ ಹೊರಗಿನದ್ದೇ ಅಲ್ಲ, ಆಚೆ ಇರುವುದು ಮಗನ ಕೋಣೆ! ಪೈಪೂ ಇಲ್ಲ.

ಆಗಸ್ಟ್‌ನಲ್ಲಿ ಮಗ ನಾಲ್ಕು ದಿನ ಅಜ್ಜಿ ಮನೆಗೆ ಹೋದ. ಮೂರನೇ ದಿನ ಮುಟ್ಟಿ ನೋಡಿದರೆ ಹಲಗೆ ಗರಿಗರಿ. ಆಗ ಹೊಳೆಯಿತು. ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದರೂ ಅವನಿಗೆ ಎಸಿ ಬೇಕು, ಅದೂ 20ರಲ್ಲಿ. ರಾತ್ರಿಯಿಡೀ ಗೋಡೆ ತಣ್ಣಗಾಗುತ್ತದೆ. ಈಚೆ ನಮ್ಮ ಕಪಾಟಿನಲ್ಲಿ ಬಟ್ಟೆ ಒತ್ತಿ ತುಂಬಿದ್ದರಿಂದ ಕೋಣೆಯ ಸೆಕೆ ಆ ಗೋಡೆಗೆ ತಲುಪುವುದಿಲ್ಲ. 28 ಡಿಗ್ರಿ, 85 ಪರ್ಸೆಂಟ್ ತೇವದ ಗಾಳಿ 25 ಡಿಗ್ರಿಗೆ ಇಳಿದರೆ ಸಾಕು, ನೀರಾಗಿ ಕೂರುತ್ತದೆ. ಫ್ರಿಡ್ಜ್‌ನಿಂದ ತೆಗೆದ ಬಾಟಲಿ ಬೆವರುವ ಹಾಗೆ. ನನ್ನ ಡಬ್ಬಿಯ ಲೆಕ್ಕ ಹಾಕಿಕೊಟ್ಟವನ ಎಸಿಯೇ ಕಳ್ಳ. ಹೇಳಿದಾಗ ಸುಮ್ನೆ ನಕ್ಕ. ಈಗ 26ರಲ್ಲಿಟ್ಟು ಫ್ಯಾನ್ ಹಾಕಿಕೊಳ್ಳುತ್ತಾನೆ. ಬಡಗಿಯಿಂದ ಆ ಹಲಗೆ ಬದಲಾಯಿಸಿ, ಬಟ್ಟೆಗಳನ್ನು ಹಿಂಬದಿಗೆ ತಾಗದಂತೆ ನಾಲ್ಕು ಬೆರಳು ಮುಂದೆ ಜೋಡಿಸಿದ್ದೇನೆ. ಅಂಥ ನೀರಿಗೆ ಹತ್ತು ಡಬ್ಬಿ ಇಟ್ಟರೂ ಸಾಲುತ್ತಿರಲಿಲ್ಲ.

ಕರೆಂಟಿನಲ್ಲಿ ಓಡಿ ಗಾಳಿಯ ತೇವ ತೆಗೆಯುವ ಯಂತ್ರಗಳ (ಡಿಹ್ಯುಮಿಡಿಫೈಯರ್) ಬಗ್ಗೆ ಕೇಳುವವರಿಗೆ: ಎರಡು ಸಾವಿರದ ಚಿಕ್ಕದ್ದು ತರಬೇಡಿ, ದಿನಕ್ಕೆ ಒಂದು ಲೋಟ ನೀರು ಹಿಡಿದರೆ ಹೆಚ್ಚು. ಕಂಪ್ರೆಸರ್ ಇರುವುದು ಬೇರೆಯೇ ಮಾತು. ನಾವು ಕಳೆದ ವರ್ಷ ಹದಿನೇಳು ಸಾವಿರಕ್ಕೆ ತಂದೆವು. ಕಿಟಕಿ ಮುಚ್ಚಿ ಓಡಿಸಿದರೆ ಮೊದಲೆರಡು ದಿನ ಐದೈದು ಲೀಟರ್ ಬಂತು. ಎಂಟು ಗಂಟೆಗೆ ಸುಮಾರು ಎರಡು ಯೂನಿಟ್ ಕರೆಂಟ್. ಕೋಣೆ ಬಿಸಿಯಾಗುತ್ತದೆ, ಹಳೆ ಫ್ರಿಡ್ಜಿನಂತೆ ಗುಂಯ್‌ಗುಡುತ್ತದೆ. ಒಗೆದ ಬಟ್ಟೆ ಒಣಗಿಸಲು ಮಾತ್ರ ಅದಕ್ಕೆ ಸಾಟಿಯಿಲ್ಲ. ಕಪಾಟಿಗಾಗಿಯೇ ಬೇಕು ಎಂದು ನಾನು ಹೇಳಲಾರೆ.

ಡಬ್ಬಿಗೆ ಈಗ ನನ್ನದು ಮೂರೂವರೆ ಸ್ಟಾರ್. ಮಳೆಗಾಲಕ್ಕೆ ಆರರಿಂದ ಎಂಟು ಸಾಕು, ಮೊದಲು ಹದಿನಾರು ಬೇಕಾಗುತ್ತಿತ್ತು.

ಅತ್ತೆಯ ಹಳೆ ತಗಡಿನ ಟ್ರಂಕ್ ಒಂದಿದೆ. ಮೇ ತಿಂಗಳಲ್ಲಿ ಹತ್ತಿಯದ್ದನ್ನು ಬಿಸಿಲಿಗೆ, ರೇಷ್ಮೆಯನ್ನು ನೆರಳಿನ ಗಾಳಿಗೆ ಹಾಕಿ, ಲಾವಂಚದ ಬೇರು ಇಟ್ಟು ಮುಚ್ಚಿದರೆ ಚೌತಿ ಕಳೆಯುವವರೆಗೆ ಯಾರೂ ತೆಗೆಯುವ ಹಾಗಿಲ್ಲ. ಈ ವರ್ಷ ಒಂದು ಡಬ್ಬಿ ಇಡಲಾ ಅತ್ತೆ ಎಂದು ಕೇಳಿದೆ. "ಅದಕ್ಕೆಂತಕ್ಕೆ? ಅದರಲ್ಲಿ ನೀರೇ ಇಲ್ಲ" ಅಂದರು. ಸರಿ ಎಂದು ಮೀಟರ್ ಮಾತ್ರ ಸೀರೆಗಳ ಮಧ್ಯೆ ಇಟ್ಟೆ. ಚೌತಿ ಮುಗಿದು ಮುಚ್ಚಳ ತೆಗೆದಾಗ 61 ತೋರಿಸುತ್ತಿತ್ತು.