ದಾದರ್‌ನ ಎರಡು ದಿನದ ವರ್ಕ್‌ಶಾಪ್: ಮೊದಲ ದಿನಕ್ಕೆ ಅರ್ಧ ಅಂಕ, ಎರಡನೇ ದಿನಕ್ಕೆ ಪೂರ್ತಿ

ನಾನು ಮುಂಬೈ ಪಕ್ಕದ ಠಾಣೆ ಊರಿನ ಕಡೆಯ ಒಂದು ಕಾಲೇಜಿನಲ್ಲಿ ಬಿಎಂಎಸ್ (ಮ್ಯಾನೇಜ್‌ಮೆಂಟ್ ಪದವಿ) ಮಕ್ಕಳಿಗೆ ಪಾಠ ಮಾಡುತ್ತೇನೆ. ಕಳೆದ ತಿಂಗಳು ಕೊನೆ ವರ್ಷದ 24 ಮಕ್ಕಳನ್ನು ಕರೆದುಕೊಂಡು ಮುಂಬೈಯ ದಾದರ್‌ನಲ್ಲಿ ಒಂದು ವರ್ಕ್‌ಶಾಪಿಗೆ ಹೋಗಿದ್ದೆ. ವ್ಯಾಪಾರದಲ್ಲಿ ತೊಡಕು ಬಂದಾಗ ಹೊಸ ದಾರಿ ಹುಡುಕುವುದು ಹೇಗೆ ಅನ್ನುವುದು ವಿಷಯ. ತಲೆಗೆ 1,800 ರೂಪಾಯಿ, ಊಟ ಸೇರಿ. ನಡೆಸಿದವರ ಹೆಸರು ಬರೆಯುವುದಿಲ್ಲ. ನನಗೆ ಇಷ್ಟವಾಗದ್ದನ್ನು ಅವರಿಗೇ ನೇರವಾಗಿ ಹೇಳಿದ್ದೇನೆ. ಇಂಥ ವರ್ಕ್‌ಶಾಪ್‌ಗಳು ಈಗ ಮುಂಬೈ, ಪುಣೆಯಲ್ಲಿ ಬೇಕಾದಷ್ಟು ನಡೆಯುತ್ತವೆ, ದುಡ್ಡು ಕಟ್ಟುವ ಮುಂಚೆ ಏನು ಕೇಳಬೇಕು ಅಂತ ಇಲ್ಲಿನ ಕನ್ನಡದ ಮೇಷ್ಟ್ರುಗಳಿಗೂ ಅಪ್ಪ ಅಮ್ಮಂದಿರಿಗೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲ ದಿನ ಬೆಳಿಗ್ಗೆ ಮಾರ್ಷ್‌ಮ್ಯಾಲೋ (ಮೆತ್ತನೆಯ ಸಿಹಿ ಮಿಠಾಯಿ) ಆಟ. 20 ಸ್ಪಾಗೆಟ್ಟಿ ಕಡ್ಡಿ (ಉದ್ದನೆಯ ಒಣ ಶ್ಯಾವಿಗೆಯಂಥದ್ದು), ಒಂದು ಗಜ ಟೇಪು, ಒಂದು ಗಜ ದಾರ, 18 ನಿಮಿಷ. ಎತ್ತರದ ಗೋಪುರ ಕಟ್ಟಿ ತುದಿಗೆ ಮಾರ್ಷ್‌ಮ್ಯಾಲೋ ಇಡಬೇಕು. ನಮ್ಮ ಮೂರು ಗುಂಪುಗಳಲ್ಲಿ ಎರಡು ಕೊನೆ ನಿಮಿಷದವರೆಗೂ ಅದನ್ನು ಮೇಲಿಟ್ಟು ನೋಡಲೇ ಇಲ್ಲ. ಇಟ್ಟ ಕೂಡಲೇ ಎಲ್ಲ ಬಗ್ಗಿಹೋಯಿತು. ಒಳ್ಳೆಯ ಆಟ. ಆದರೆ ಯಾಕೆ ಬಿತ್ತು, ಎಲ್ಲಿ ಮೊದಲೇ ಪರೀಕ್ಷೆ ಮಾಡಬಹುದಿತ್ತು ಅಂತ ಮಕ್ಕಳ ಬಾಯಿಂದಲೇ ಹೇಳಿಸಬೇಕಿತ್ತಲ್ವಾ? ನಡೆಸಿದವರು ಫೋಟೋ ತೆಗೆದು ಮುಂದಿನ ಸ್ಲೈಡಿಗೆ ಹೋದರು.

ಆಮೇಲೆ ಬ್ರೈನ್‌ಸ್ಟಾರ್ಮಿಂಗ್, ಅಂದರೆ ಗುಂಪಾಗಿ ಕೂತು ತೋಚಿದ್ದನ್ನೆಲ್ಲ ಹೇಳುವುದು. ಅಮೆರಿಕದ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬರ್ನ್ ಜನಪ್ರಿಯ ಮಾಡಿದ ಪದ್ಧತಿ: ಯಾರ ಮಾತನ್ನೂ ತೆಗೆದುಹಾಕಬೇಡಿ, ಎಷ್ಟು ಜಾಸ್ತಿ ಆಲೋಚನೆ ಬಂದರೆ ಅಷ್ಟು ಒಳ್ಳೆಯದು. ಎಂಟೆಂಟು ಜನರ ಗುಂಪು ಮಾಡಿದರು. ಪ್ರತಿ ಗುಂಪಿನಲ್ಲೂ ಇಬ್ಬರೇ ಮಾತಾಡಿದರು, ಉಳಿದ ಆರು ಜನ ಸುಮ್ನೆ ತಲೆಯಾಡಿಸಿದರು. ಇದು ನಮ್ಮ ಮಕ್ಕಳದ್ದೊಂದೇ ಸಮಸ್ಯೆ ಅಲ್ಲ. 1958ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿ ನೋಡಿದ್ದರು. ನಾಲ್ಕು ಜನ ಒಟ್ಟಿಗೆ ಕೂತು ಹೇಳುವುದಕ್ಕಿಂತ, ನಾಲ್ಕು ಜನ ಬೇರೆ ಬೇರೆ ಕೂತು ಬರೆದದ್ದನ್ನು ಕೂಡಿಸಿದರೆ ಆಲೋಚನೆಗಳು ಜಾಸ್ತಿ ಬಂದವು. ಊಟದ ಹೊತ್ತಿಗೆ ಇದನ್ನು ಟ್ರೇನರ್‌ಗೆ ಹೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಕೇಳಿದರು, ಮಧ್ಯಾಹ್ನದಿಂದಲೇ ಕ್ರಮ ಬದಲಾಯಿಸಿದರು: ಮೊದಲು ಐದು ನಿಮಿಷ ಒಬ್ಬೊಬ್ಬರೇ ಬರೆಯುವುದು, ಆಮೇಲೆ ಮಾತು. ಬರೆಯುವುದು ಯಾವ ಭಾಷೆಯಲ್ಲಾದರೂ ಸರಿ ಅಂದರು. ವಿಜಯಪುರದಿಂದ ಬಂದ ಒಬ್ಬ ಹುಡುಗಿ, ಮೂರು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಒಮ್ಮೆಯೂ ಬಾಯಿ ಬಿಡದವಳು, ಒಂದು ಹಾಳೆ ತುಂಬಾ ಕನ್ನಡದಲ್ಲಿ ಬರೆದಿದ್ದಳು. ಅದನ್ನು ನೋಡಿ ನನಗೆ ಖುಷಿಯೂ ಆಯಿತು, ಇಷ್ಟು ದಿನ ನಾನೇ ಯಾಕೆ ಹೀಗೆ ಕೇಳಲಿಲ್ಲ ಅಂತ ನೋವೂ ಆಯಿತು.

ಸಂಜೆಯ ಡಬ್ಬಾವಾಲಾ ಪಾಠ ಮಾತ್ರ ಬಹಳ ಚೆನ್ನಾಗಿತ್ತು. ಮನೆಯ ಊಟದ ಡಬ್ಬವನ್ನು ಆಫೀಸಿಗೆ ಮುಟ್ಟಿಸುವ, 1890ರಿಂದ ನಡೆಯುತ್ತಿರುವ ವ್ಯವಸ್ಥೆ, ಮುಂಬೈಯಲ್ಲಿ ಬೆಳೆದ ಮಕ್ಕಳು ಅದನ್ನು ಕೇಳಿ ಕೇಳಿ ಸುಸ್ತಾಗಿರುತ್ತಾರೆ. ಇವರು ಭಾಷಣ ಮಾಡಲಿಲ್ಲ. ಒಂದೊಂದು ಗುಂಪಿಗೆ ಒಂದು ಡಬ್ಬದ ಮುಚ್ಚಳ, ಒಂದು ಬ್ರಷ್ಷು ಕೊಟ್ಟು, ಇದು ಸರಿಯಾದ ಮೇಜಿಗೆ ಹೋಗಬೇಕು, ಏನು ಬರೆಯುತ್ತೀರಿ ಅಂದರು. ಎಲ್ಲರೂ ಪೂರ್ತಿ ವಿಳಾಸ ಬರೆಯಲು ಹೋದರು, ಮುಚ್ಚಳದಲ್ಲಿ ಜಾಗ ಸಾಲಲಿಲ್ಲ. ಆಮೇಲೆ ಒಂದೊಂದೇ ಅಳಿಸುತ್ತಾ ಬಂದರು. ಡಬ್ಬ ತೆಗೆದುಕೊಳ್ಳುವವನಿಗೆ ದಿನಾ ಹೋಗುವ ಮನೆ ಗೊತ್ತೇ ಇರುತ್ತದೆ, ಹಾಗಾದರೆ ಮನೆ ನಂಬರ್ ಯಾಕೆ? ಇಳಿಯುವ ಸ್ಟೇಷನ್, ಮುಟ್ಟಿಸುವವನ ಗುರುತು, ಕಟ್ಟಡ, ಮಹಡಿ. ಇಷ್ಟು ಉಳಿದ ಮೇಲೆ ನಿಜವಾದ ಗುರುತು ತೋರಿಸಿದರು. ಹೆಚ್ಚು ಕಡಿಮೆ ಅದೇ!

ಎರಡನೇ ದಿನ ಭಾನುವಾರ, ಮಾಟುಂಗಾ. ಅಲ್ಲಿನ ಒಂದು ಉಡುಪಿ ಹೋಟೆಲಿನ ಯಜಮಾನರು ತಮ್ಮ ಕಷ್ಟ ಹೇಳಿಕೊಂಡರು. ಭಾನುವಾರ ಬೆಳಿಗ್ಗೆ ಹೊರಗೆ ಸಾಲು ನಿಲ್ಲುತ್ತದೆ, ಕಾದು ಕಾದು ಜನ ಪಕ್ಕದ ಹೋಟೆಲಿಗೆ ಹೋಗುತ್ತಾರೆ. ಮಕ್ಕಳು ಎರಡೇ ನಿಮಿಷದಲ್ಲಿ "ಆ್ಯಪ್ ಮಾಡೋಣ" ಅಂದರು. ಟ್ರೇನರ್ ಒಪ್ಪಲಿಲ್ಲ. ಎರಡು ಗಂಟೆ ಪರಿಹಾರದ ಮಾತೇ ಬೇಡ, ನಿಂತು ನೋಡಿ, ಬರೆದುಕೊಳ್ಳಿ ಅಂದರು. ಮಕ್ಕಳು ಗೋಡೆ ಪಕ್ಕ ನಿಂತು ಗಡಿಯಾರ ನೋಡುತ್ತಾ ಒಂದೊಂದು ಟೇಬಲ್ ಲೆಕ್ಕ ಹಾಕಿದರು. ಅಡುಗೆಮನೆ ತಡ ಮಾಡುತ್ತಿರಲಿಲ್ಲ. ದೋಸೆ ಬೇಗ ಬರುತ್ತಿತ್ತು, ಜನ ಬೇಗ ತಿನ್ನುತ್ತಿದ್ದರು. ಕಾಫಿ ಕುಡಿದ ಮೇಲೆ ಬಿಲ್ಲಿಗಾಗಿ ಏಳೆಂಟು ನಿಮಿಷ ಖಾಲಿ ತಟ್ಟೆ ಮುಂದೆ ಕೂತಿರುತ್ತಿದ್ದರು.

ಕಾಫಿ ಜೊತೆಗೇ ಬಿಲ್ ಕೊಡಿ ಅಂದಳು ಒಬ್ಬಳು. ಯಜಮಾನರಿಗೆ ಹಿಡಿಸಲಿಲ್ಲ. "ಹಾಗೆ ಮಾಡಿದ್ರೆ ಎದ್ದು ಹೋಗಿ ಅಂದ ಹಾಗಾಗುತ್ತಮ್ಮಾ, ನಮ್ಮದು ಮೂವತ್ತು ವರ್ಷದ ಗಿರಾಕಿಗಳು" ಅಂದರು. ಆ ಒಂದು ಮಾತಿನಿಂದ ಮಕ್ಕಳು ಕಲಿತದ್ದನ್ನು ನಾನು ಒಂದು ಸೆಮಿಸ್ಟರ್ ಪೂರ್ತಿ ಕೂಗಿದರೂ ಕಲಿಸಲು ಆಗುತ್ತಿರಲಿಲ್ಲ. ಮತ್ತೆ ಕೂತರು. ಕೊನೆಗೆ ಆ ವಿಜಯಪುರದ ಹುಡುಗಿಯೇ ಹೇಳಿದಳು: ಬಿಲ್ಲು ಟೇಬಲ್ಲಿಗೆ ಬರುವುದೇ ಬೇಡ. ಬಾಗಿಲ ಹತ್ತಿರದ ಗಲ್ಲೆಯಲ್ಲಿ ಟೇಬಲ್ ನಂಬರ್ ಹೇಳಿ ಕೊಡಲಿ, ಕೂರುವವರು ಬೇಕಾದಷ್ಟು ಹೊತ್ತು ಕೂರಲಿ, ಹೊರಡುವವರು ಕಾಯದೆ ಹೊರಡಲಿ. ಮುಂದಿನ ಭಾನುವಾರ ಮಾಡಿ ನೋಡುತ್ತೇನೆ ಅಂದರು ಯಜಮಾನರು.

ಚಹಾದ ಹೊತ್ತಿನಲ್ಲಿ ನಾನು ಮಕ್ಕಳಿಗೆ ರವೆ ಇಡ್ಲಿಯ ಕಥೆ ಹೇಳಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ಅಕ್ಕಿ ಎಲ್ಲಿಂದ ತರುವುದು ಅನ್ನುವ ಪ್ರಶ್ನೆಯೇ ಅಲ್ಲಿ ಬದಲಾಗಿ ಹೋಯಿತು. ಟ್ರೇನರ್ ಇದನ್ನು ಬರೆದುಕೊಂಡರು. ಅವರ ಸ್ಲೈಡುಗಳಲ್ಲಿ ಇದ್ದದ್ದೆಲ್ಲ 3ಎಂ ಕಂಪನಿಯ ಅಂಟು ಚೀಟಿಯಂಥ ದೂರದ ಉದಾಹರಣೆಗಳು. ಅವು ತಪ್ಪಲ್ಲ, ಆದರೆ ತಟ್ಟೆಯಲ್ಲೇ ಇರುವ ಉದಾಹರಣೆ ಮಕ್ಕಳಿಗೆ ಬೇಗ ತಲೆಗೆ ಹೋಗುತ್ತದೆ.

ಇನ್ನೊಂದು ದೂರು. ಸರ್ಟಿಫಿಕೇಟ್, ಫೋಟೋಗೆ 40 ನಿಮಿಷ ಹೋಯಿತು. ಹೋಟೆಲಿನಲ್ಲಿ ಆಮೇಲೆ ಏನಾಯಿತು ಅಂತ ತಿಳಿಯಲು ಮತ್ತೆ ಸೇರುವ ಏರ್ಪಾಡು ಇರಲಿಲ್ಲ. ನಾವೇ ಆರು ಜನ ಮುಂದಿನ ಭಾನುವಾರ ಮಾಟುಂಗಾಕ್ಕೆ ಹೋದೆವು. ಗಲ್ಲೆ ಪಕ್ಕ ಟೇಬಲ್ ನಂಬರಿನ ಒಂದು ಚೀಟಿ ಪುಸ್ತಕ ಬಂದಿತ್ತು. ಸಾಲು ಇನ್ನೂ ಇತ್ತು, ಆದರೆ ಮುಂದೆ ಸರಿಯುತ್ತಿತ್ತು.

ಮುಂದಿನ ವರ್ಷದ ಬ್ಯಾಚಿಗೆ ಅವರ ಹತ್ತಿರ ಮಾತಾಡಿದ್ದೇನೆ. ಎರಡೂ ದಿನ ಅಂಗಡಿ, ಹೋಟೆಲುಗಳಲ್ಲೇ ಇರಬೇಕು, ಗುಂಪಿಗೆ ನಾಲ್ಕೇ ಜನ, ಹದಿನೈದು ದಿನ ಬಿಟ್ಟು ಒಂದು ಸಂಜೆ ಮತ್ತೆ ಸೇರಬೇಕು ಅಂದಿದ್ದೇನೆ. ಮೊದಲಿನ ಎರಡಕ್ಕೆ ಒಪ್ಪಿದ್ದಾರೆ. ಮೂರನೆಯದಕ್ಕೂ ಒಪ್ಪಿದರೆ ದುಡ್ಡು ಕಟ್ಟುತ್ತೇನೆ.